ಹಾಲು ಕರೆಯುವ ಗ್ರಾಫಿಕ್ಸ್ ಕಾರ್ಡ್

2021ರ ಮಾರ್ಚ್‌ನಲ್ಲಿ ಒಂದು ಶನಿವಾರ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿದ್ದೆ. ತಂಗಿಯ ಮಗನಿಗೆ ಗೇಮ್ ಆಡುವಂಥ ಒಂದು ಕಂಪ್ಯೂಟರ್ ಜೋಡಿಸಿಕೊಡುತ್ತೇನೆ ಅಂತ ಮಾತು ಕೊಟ್ಟು ಆರು ತಿಂಗಳಾಗಿತ್ತು. ಪ್ರೊಸೆಸರ್ ಸಿಕ್ಕಿತು, ರ್‍ಯಾಮ್ ಸಿಕ್ಕಿತು, ಕ್ಯಾಬಿನೆಟ್ ಸಿಕ್ಕಿತು. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಮಾತ್ರ ಇಲ್ಲ. ಏಳೆಂಟು ಅಂಗಡಿ ಸುತ್ತಿದ ಮೇಲೆ ಒಂದು ಕಡೆ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ಇದೆ ಅಂದರು. ಅದು ಹಿಂದಿನ ತಿಂಗಳಷ್ಟೇ ಬಿಡುಗಡೆಯಾಗಿದ್ದ ಕಾರ್ಡು, ಕಂಪನಿ ಹೇಳಿದ ಬೆಲೆ 29,500 ರೂಪಾಯಿ. ಅಂಗಡಿಯವರು ಹೇಳಿದ್ದು 58,000.

"ಅದೂ ಕಾರ್ಡ್ ಒಂದೇ ಕೊಡಲ್ಲ ಸಾರ್. ಮದರ್‌ಬೋರ್ಡು, ಪವರ್ ಸಪ್ಲೈ ಜೊತೆಗೆ ತಗೊಂಡ್ರೆ ಕೊಡ್ತೀನಿ."

ಈ ಬೆಲೆಗೆ ಯಾರು ತಗೋತಾರೆ ಅಂತ ಕೇಳಿಯೇಬಿಟ್ಟೆ. ಅವರು ನಕ್ಕರು. "ಮೊನ್ನೆ ಒಬ್ರು ಬಂದು ಎಂಟು ಪೀಸ್ ತಗೊಂಡು ಹೋದ್ರು. ಚೌಕಾಸಿನೂ ಮಾಡ್ಲಿಲ್ಲ."

ಚೌಕಾಸಿ ಮಾಡದೆ ಎಂಟು ಕಾರ್ಡು ಒಯ್ದವರು ಗೇಮ್ ಆಡುವವರಲ್ಲ, ಮೈನಿಂಗ್ ಮಾಡುವವರು. ಎರಡು ಪಟ್ಟು ದುಡ್ಡು ಕೊಟ್ಟರೂ ಅವರಿಗೆ ಗಿಟ್ಟುತ್ತಿತ್ತು. ಅದು ಹೇಗೆ ಅಂತ ತಿಳಿದರೆ ಗ್ರಾಫಿಕ್ಸ್ ಕಾರ್ಡ್ ಮಾರುಕಟ್ಟೆ ಹತ್ತು ವರ್ಷದಲ್ಲಿ ಮೂರು ಸಲ ಯಾಕೆ ಹುಚ್ಚೆದ್ದಿತು ಅನ್ನುವುದೂ ತಿಳಿಯುತ್ತದೆ.

ಮೊದಲು ಮೈನಿಂಗ್ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಬಿಟ್‌ಕಾಯಿನ್, ಇಥೀರಿಯಂನಂಥ ಕ್ರಿಪ್ಟೋ ಕರೆನ್ಸಿಗಳಿಗೆ ಬ್ಯಾಂಕ್ ಇಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವ ಲೆಕ್ಕದ ಪುಸ್ತಕ ಎಲ್ಲರ ಹತ್ತಿರವೂ ಇರುತ್ತದೆ. ಅದರ ಮುಂದಿನ ಪುಟವನ್ನು ಯಾರು ಬರೆಯಬೇಕು? ಅದಕ್ಕೊಂದು ಲಾಟರಿ. ಕಂಪ್ಯೂಟರ್ ಒಂದು ಸಂಖ್ಯೆ ಹಾಕಿ ಲೆಕ್ಕ ಮಾಡುತ್ತದೆ, ಉತ್ತರ ಬರುತ್ತದೆ. ಈ ಉತ್ತರಕ್ಕೆ ಹ್ಯಾಶ್ ಅಂತ ಹೆಸರು. ಅದು ಗೊತ್ತು ಮಾಡಿದ ಮಿತಿಗಿಂತ ಕಡಿಮೆ ಬಂದರೆ ಗೆದ್ದ ಹಾಗೆ. ಬರಲಿಲ್ಲವಾ, ಇನ್ನೊಂದು ಸಂಖ್ಯೆ. ಇದರಲ್ಲಿ ತಲೆ ಓಡಿಸುವ ಕೆಲಸ ಏನೂ ಇಲ್ಲ. ಕಳೆದುಹೋದ ಬೀಗದ ಕೈಗೆ ಬದಲು ಮನೆಯಲ್ಲಿರುವ ಕೀಲಿಗಳನ್ನೆಲ್ಲ ಒಂದಾದ ಮೇಲೊಂದು ಹಾಕಿ ನೋಡುತ್ತೇವಲ್ಲ, ಅಷ್ಟೇ. ಗೆದ್ದವರಿಗೆ ಹೊಸ ನಾಣ್ಯ ಬಹುಮಾನ.

ಇಂಥ ಮೊದ್ದು ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಹೇಳಿ ಮಾಡಿಸಿದ್ದು. ಪರದೆಯ ಮೇಲಿನ ಲಕ್ಷಾಂತರ ಚುಕ್ಕೆಗಳಿಗೆ ಒಟ್ಟೊಟ್ಟಿಗೆ ಬಣ್ಣ ಲೆಕ್ಕ ಹಾಕಲು ಅಂತಲೇ ಅದರೊಳಗೆ ಸಾವಿರಾರು ಸಣ್ಣ ಕೋರ್‌ಗಳಿರುತ್ತವೆ. ಆರ್‌ಟಿಎಕ್ಸ್ 3080 ಕಾರ್ಡಿನಲ್ಲಿ 8,704 ಇವೆ. ಬಿಟ್‌ಕಾಯಿನ್ 2009ರಲ್ಲಿ ಶುರುವಾದಾಗ ಮನೆಯ ಕಂಪ್ಯೂಟರಿನ ಪ್ರೊಸೆಸರ್ ಸಾಕಿತ್ತು. 2010ರ ಹೊತ್ತಿಗೆ ಜನ ಗ್ರಾಫಿಕ್ಸ್ ಕಾರ್ಡ್ ಹಿಡಿದರು. 2013ರಲ್ಲಿ ಏಸಿಕ್ ಬಂತು. ಅದು ಬಿಟ್‌ಕಾಯಿನ್ ಹ್ಯಾಶ್ ಬಿಟ್ಟು ಬೇರೇನೂ ಮಾಡಲು ಬರದ ಚಿಪ್. ಆದರೆ ಆ ಒಂದು ಕೆಲಸದಲ್ಲಿ ಅದರ ಮುಂದೆ ಗ್ರಾಫಿಕ್ಸ್ ಕಾರ್ಡ್ ನಿಲ್ಲಲೇ ಇಲ್ಲ.

ಹಾಗಾಗಿ "ಬಿಟ್‌ಕಾಯಿನ್‌ನಿಂದ ಕಾರ್ಡಿನ ಬೆಲೆ ಏರಿತು" ಅನ್ನುವ ಮಾತು ಅಷ್ಟು ಸರಿಯಲ್ಲ. 2013ರ ನಂತರ ಬಿಟ್‌ಕಾಯಿನ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಯೇ ಇರಲಿಲ್ಲ. ಕಾರ್ಡುಗಳನ್ನು ನುಂಗಿದ್ದು ಅದರ ತಮ್ಮಂದಿರು. ಮೊದಲು ಲೈಟ್‌ಕಾಯಿನ್. 549 ಡಾಲರ್‌ಗೆ ಬಿಡುಗಡೆಯಾಗಿದ್ದ ಎನ್ವಿಡಿಯಾದ ಎದುರಾಳಿ ಕಂಪನಿ ಎಎಂಡಿಯ ಆರ್9 290ಎಕ್ಸ್ ಕಾರ್ಡು 2014ರ ಆರಂಭದಲ್ಲಿ ಅಮೆರಿಕದ ಅಂಗಡಿಗಳಲ್ಲಿ 700 ಡಾಲರ್ ದಾಟಿತ್ತು. ಆಮೇಲೆ ಲೈಟ್‌ಕಾಯಿನ್‌ಗೂ ಏಸಿಕ್ ಬಂತು, ಆ ಗದ್ದಲ ತಣ್ಣಗಾಯಿತು. ನಿಜವಾದ ಹಬ್ಬ ಶುರುವಾಗಿದ್ದು ಇಥೀರಿಯಂನಿಂದ.

ಇಥೀರಿಯಂ 2015ರ ಜುಲೈ 30ರಂದು ಚಾಲೂ ಆಯಿತು. ಅದನ್ನು ಕಟ್ಟಿದವರಿಗೆ ಏಸಿಕ್ ಕಂಪನಿಗಳ ಕೈಗೆ ಎಲ್ಲವೂ ಹೋಗಬಾರದು, ಸಾಮಾನ್ಯ ಜನರ ಕಂಪ್ಯೂಟರಿನಲ್ಲೂ ಮೈನಿಂಗ್ ನಡೆಯಬೇಕು ಅನ್ನುವ ಆಸೆ. ಅದಕ್ಕೆ ಅವರು ಮಾಡಿದ ಉಪಾಯ ಮಜವಾಗಿದೆ. ಒಂದು ದೊಡ್ಡ ಕಡತವನ್ನು ಕಾರ್ಡಿನ ಮೆಮೊರಿಯಲ್ಲಿ ಇಟ್ಟುಕೊಳ್ಳಲೇಬೇಕು. ಪ್ರತಿ ಒಂದು ಹ್ಯಾಶ್‌ಗೂ ಆ ಕಡತದಲ್ಲಿ ಎಲ್ಲೆಲ್ಲೋ 64 ಸಲ ಕೈಹಾಕಿ, ಸಲಕ್ಕೆ 128 ಬೈಟ್‌ನಂತೆ ಓದಬೇಕು. ಅಂದರೆ ಹ್ಯಾಶ್ ಒಂದಕ್ಕೆ 8,192 ಬೈಟ್. ಚಿಪ್ ಎಷ್ಟೇ ಚುರುಕಾಗಿರಲಿ, ಮೆಮೊರಿಯಿಂದ ಅಷ್ಟು ಮಾಹಿತಿ ಬರುವ ತನಕ ಕಾಯಲೇಬೇಕು.

ಬೇಕಿದ್ದರೆ ನೀವೇ ಲೆಕ್ಕ ಹಾಕಿ. 3080 ಕಾರ್ಡಿನ ಮೆಮೊರಿ ಸೆಕೆಂಡಿಗೆ 760 ಗಿಗಾಬೈಟ್ ಓದಬಲ್ಲದು. ಅದನ್ನು 8,192ರಿಂದ ಭಾಗಿಸಿದರೆ 9 ಕೋಟಿ 27 ಲಕ್ಷ ಚಿಲ್ಲರೆ. ಮೈನರ್‌ಗಳಿಗೆ ಈ ಕಾರ್ಡಿನಿಂದ ಸಿಗುತ್ತಿದ್ದದ್ದೂ ಸೆಕೆಂಡಿಗೆ 95 ಮೆಗಾಹ್ಯಾಶ್ ಆಸುಪಾಸು, ಅಂದರೆ ಒಂಬತ್ತೂವರೆ ಕೋಟಿ. ಎಎಂಡಿಯ ಹಳೆಯ ಆರ್‌ಎಕ್ಸ್ 580 ಕಾರ್ಡು ಸೆಕೆಂಡಿಗೆ 256 ಗಿಗಾಬೈಟ್ ಓದುತ್ತದೆ, ಭಾಗಿಸಿದರೆ 31 ಮೆಗಾಹ್ಯಾಶ್. ಅದೂ ಹೆಚ್ಚುಕಮ್ಮಿ ಸರಿಯಾಗಿಯೇ ಬರುತ್ತದೆ. ಅಂದರೆ ಮೈನರ್ ದುಡ್ಡು ಕೊಡುತ್ತಿದ್ದದ್ದು ಮೆಮೊರಿಯ ವೇಗಕ್ಕೆ. ಗೇಮರ್‌ಗೆ ಅಂತ ತುಂಬಿದ ಆ 8,704 ಕೋರ್‌ಗಳು ಎಷ್ಟೋ ಹೊತ್ತು ಸುಮ್ನೆ ಕೂತಿರುತ್ತಿದ್ದವು. ಅದಕ್ಕೇ ಅವರು ಕೋರ್‌ನ ವೇಗ ಇಳಿಸಿ, ಮೆಮೊರಿಯ ವೇಗ ಏರಿಸಿ, 320 ವ್ಯಾಟ್ ಕುಡಿಯುವ ಕಾರ್ಡನ್ನು 230 ವ್ಯಾಟ್‌ಗೆ ತರುತ್ತಿದ್ದರು.

ಈಗ ಅಂಗಡಿಯವರ ನಗುವಿಗೆ ಬರೋಣ.

2021ರ ಫೆಬ್ರವರಿ, ಮಾರ್ಚ್ ಸುಮಾರಿಗೆ ಒಂದು 3080 ಕಾರ್ಡು ದಿನಕ್ಕೆ ಹೆಚ್ಚುಕಮ್ಮಿ 7 ಡಾಲರ್ ದುಡಿಯುತ್ತಿತ್ತು. ಆಗಿನ ಲೆಕ್ಕದಲ್ಲಿ 500 ರೂಪಾಯಿ ಅಂತ ಇಟ್ಟುಕೊಳ್ಳಿ. 230 ವ್ಯಾಟ್ ಅಂದರೆ ದಿನಕ್ಕೆ ಐದೂವರೆ ಯೂನಿಟ್ ಕರೆಂಟು. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 44 ರೂಪಾಯಿ. ಕೈಯಲ್ಲಿ ಉಳಿಯುವುದು 450ಕ್ಕೆ ಮೋಸವಿಲ್ಲ. ಭಾರತದಲ್ಲಿ 3080ರ ಘೋಷಿತ ಬೆಲೆ 71,000. ಐದೂವರೆ ತಿಂಗಳೊಳಗೆ ಅಸಲು ವಾಪಸ್. ಬೆಲೆ ಎರಡು ಪಟ್ಟಾಗಿ 1,42,000 ಆದರೂ ಹನ್ನೊಂದು ತಿಂಗಳು ಸಾಕು. ಬ್ಯಾಂಕಿನ ಎಫ್‌ಡಿ ಶೇ 5–6 ಕೊಡುತ್ತಿದ್ದ ಕಾಲದಲ್ಲಿ ಇದು!

ಎಮ್ಮೆ ಸಂತೆಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಎಮ್ಮೆಯ ಬೆಲೆ ನಿಲ್ಲುವುದು ಅದರ ಅಂದದ ಮೇಲಲ್ಲ. ದಿನಕ್ಕೆ ಎಷ್ಟು ಲೀಟರ್ ಕರೆಯುತ್ತದೆ, ಡೈರಿಯಲ್ಲಿ ಲೀಟರ್‌ಗೆ ಎಷ್ಟು ಕೊಡುತ್ತಾರೆ ಅನ್ನುವುದರ ಮೇಲೆ. ಮನೆ ಮಕ್ಕಳಿಗೆ ಹಾಲಾಗಲಿ ಅಂತ ಒಂದು ಎಮ್ಮೆ ಕೊಳ್ಳಲು ಹೋದವನು, ಡೈರಿಗೆ ಹಾಕಲು ಹತ್ತು ಎಮ್ಮೆ ಹೊಡೆದುಕೊಂಡು ಹೋಗುವವನ ಎದುರು ನಿಂತು ಬೆಲೆ ಮಾತಾಡಬೇಕು. ಗೇಮರ್‌ಗೆ ಕಾರ್ಡು ಖರ್ಚು, ಮೈನರ್‌ಗೆ ಕಾರ್ಡು ಕಸುಬು. ಇಥೀರಿಯಂ ಬೆಲೆ ಏರಿದ ದಿನವೇ ಮೈನರ್ ಕೊಡಲು ತಯಾರಿರುವ ಗರಿಷ್ಠ ಬೆಲೆಯೂ ಏರುತ್ತದೆ. ಗೇಮರ್‌ನ ಸಂಬಳ ಏರುವುದಿಲ್ಲ.

ಹಾಗಾದರೆ ಕಂಪನಿಗಳು ಜಾಸ್ತಿ ಕಾರ್ಡು ಮಾಡಿದ್ದರೆ ಆಗುತ್ತಿರಲಿಲ್ಲವಾ? ಇಲ್ಲಿ ಎರಡು ತೊಡಕಿವೆ.

ಒಂದು, ಎಷ್ಟು ಕಾರ್ಡು ಬಂದರೂ ಮೈನಿಂಗ್ ನುಂಗಿಬಿಡುತ್ತದೆ. ಇಥೀರಿಯಂ ಸುಮಾರು 13 ಸೆಕೆಂಡಿಗೆ ಒಂದು ಬ್ಲಾಕ್ (ಲೆಕ್ಕದ ಪುಸ್ತಕದ ಒಂದು ಪುಟ), ಬ್ಲಾಕಿಗೆ 2 ನಾಣ್ಯ ಕೊಡುತ್ತಿತ್ತು. ದಿನಕ್ಕೆ ಹದಿಮೂರು ಸಾವಿರ ನಾಣ್ಯ, ಮೇಲೊಂದಿಷ್ಟು ವಹಿವಾಟಿನ ಶುಲ್ಕ. ಜಗತ್ತಿನ ಎಲ್ಲ ಕಾರ್ಡುಗಳೂ ಈ ಒಂದೇ ಪಾತ್ರೆಯಿಂದ ಹಂಚಿಕೊಳ್ಳಬೇಕು. ಕಾರ್ಡು ಹೆಚ್ಚಿದಂತೆ ಪ್ರತಿಯೊಬ್ಬರ ಪಾಲು ಕಡಿಮೆಯಾಗುತ್ತದೆ, ಯಾಕೆಂದರೆ ಲಾಟರಿ ತಾನಾಗಿಯೇ ಕಷ್ಟವಾಗುತ್ತಾ ಹೋಗುತ್ತದೆ. ಆದರೆ ಪಾಲು ಕರೆಂಟ್ ಬಿಲ್ಲಿಗಿಂತ ಒಂದು ರೂಪಾಯಿ ಜಾಸ್ತಿ ಇರುವ ತನಕ ಯಾರೂ ಯಂತ್ರ ಆರಿಸುವುದಿಲ್ಲ. 2022ರ ಮೊದಲಾರ್ಧದಲ್ಲಿ ಇಥೀರಿಯಂ ಜಾಲದ ಒಟ್ಟು ಶಕ್ತಿ ಸೆಕೆಂಡಿಗೆ 1,000 ಟೆರಾಹ್ಯಾಶ್ ದಾಟಿತ್ತು (ಒಂದು ಟೆರಾಹ್ಯಾಶ್ ಅಂದರೆ ಹತ್ತು ಲಕ್ಷ ಮೆಗಾಹ್ಯಾಶ್). 3080 ಲೆಕ್ಕದಲ್ಲಿ ಹೇಳಿದರೆ ಒಂದು ಕೋಟಿ ಕಾರ್ಡು, ಹಗಲೂ ರಾತ್ರಿ. ಅದರಲ್ಲಿ ಸ್ವಲ್ಪ ಭಾಗ ಇಥೀರಿಯಂಗೂ ಬಂದಿದ್ದ ಏಸಿಕ್‌ಗಳದ್ದು, ಮಿಕ್ಕಿದ್ದು ಗ್ರಾಫಿಕ್ಸ್ ಕಾರ್ಡುಗಳದ್ದೇ.

ಎರಡನೆಯದು, ಹಳೆಯ ಪೆಟ್ಟಿನ ನೆನಪು. 2017ರ ಆರಂಭದಲ್ಲಿ 8 ಡಾಲರ್ ಇದ್ದ ಒಂದು ಇಥೀರಿಯಂ 2018ರ ಜನವರಿಯಲ್ಲಿ 1,400 ಡಾಲರ್ ಮುಟ್ಟಿತು. ಆರ್‌ಎಕ್ಸ್ 570, 580, ಜಿಟಿಎಕ್ಸ್ 1060, 1070 ಎಲ್ಲ ಅಂಗಡಿಯಿಂದ ಮಾಯ. ಒಂದೇ ಮದರ್‌ಬೋರ್ಡಿಗೆ 19 ಕಾರ್ಡು ಸಿಕ್ಕಿಸುವಂಥದ್ದನ್ನೂ ಏಸಸ್ ಕಂಪನಿ ಆಗ ಮಾರಾಟಕ್ಕೆ ತಂದಿತ್ತು. ಕಂಪನಿಗಳು ಕಾರ್ಡು ಮಾಡಿ ಮಾಡಿ ಸುರಿದವು. 2018ರ ಡಿಸೆಂಬರ್ ಹೊತ್ತಿಗೆ ಇಥೀರಿಯಂ 100 ಡಾಲರ್‌ಗಿಂತ ಕೆಳಗೆ ಬಿತ್ತು. ಅಂಗಡಿಗಳಲ್ಲಿ ಹೊಸ ಕಾರ್ಡುಗಳ ರಾಶಿ, ಅದರ ಮೇಲೆ ಮೈನರ್‌ಗಳು ಮಾರಲು ತಂದ ಹಳೆಯ ಕಾರ್ಡುಗಳ ರಾಶಿ. ಆ ವರ್ಷ ನವೆಂಬರ್ 16ರ ಒಂದೇ ದಿನ ಎನ್ವಿಡಿಯಾ ಷೇರು ಸುಮಾರು ಶೇ 19 ಕುಸಿಯಿತು. ಇದನ್ನು ಕ್ರಿಪ್ಟೋದ ಹ್ಯಾಂಗೋವರ್ ಅಂತ ಕರೆದವರು ಅದರ ಮುಖ್ಯಸ್ಥ ಜೆನ್ಸನ್ ಹುವಾಂಗ್ ಅವರೇ. ತಮ್ಮ ಆದಾಯದಲ್ಲಿ ಮೈನಿಂಗ್‌ನ ಪಾಲು ದೊಡ್ಡದಿದೆ ಅಂತ ಹೂಡಿಕೆದಾರರಿಗೆ ಸರಿಯಾಗಿ ಹೇಳಲಿಲ್ಲ ಅನ್ನುವ ಕಾರಣಕ್ಕೆ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2022ರ ಮೇನಲ್ಲಿ ಎನ್ವಿಡಿಯಾಗೆ 55 ಲಕ್ಷ ಡಾಲರ್ ದಂಡವನ್ನೂ ಹಾಕಿತು. ತಪ್ಪು ಒಪ್ಪಿಕೊಳ್ಳದೆ, ಅಲ್ಲಗಳೆಯದೆ ಕಂಪನಿ ಅದನ್ನು ಕಟ್ಟಿತು.

ಇಷ್ಟೆಲ್ಲ ಆದ ಮೇಲೆ 2020ರಲ್ಲಿ ಬೇಡಿಕೆ ಏರಿದಾಗ ಕಣ್ಣುಮುಚ್ಚಿ ಕಾರ್ಡು ಮಾಡಲು ಯಾರಿಗೆ ಧೈರ್ಯ? ಅಲ್ಲದೆ ಚಿಪ್ ಅನ್ನುವುದು ಹೋಳಿಗೆಯಲ್ಲ, ನೆಂಟರು ಬಂದರು ಅಂತ ಇನ್ನು ನಾಲ್ಕು ತಟ್ಟಲು. ಕಾರ್ಖಾನೆಯಲ್ಲಿ ತಿಂಗಳುಗಳ ಮೊದಲೇ ಜಾಗ ಕಾದಿರಿಸಬೇಕು. ಕೋವಿಡ್‌ನಿಂದ ಮನೆಯಲ್ಲಿ ಕೂತ ಜಗತ್ತು ಲ್ಯಾಪ್‌ಟಾಪು, ಗೇಮಿಂಗ್ ಕನ್ಸೋಲು ಅಂತ ಮುಗಿಬಿದ್ದಿತ್ತು. ಚಿಪ್ ಕೂರಿಸುವ ತಳಹಲಗೆಗೂ ಬರ, ಮೆಮೊರಿಗೂ ಬರ. ಹಾಗಾಗಿ 2021ರ ಕೊರತೆಗೆಲ್ಲ ಮೈನರ್‌ಗಳೇ ಕಾರಣ ಅಂದರೆ ಅನ್ಯಾಯ. ಆ ವರ್ಷದ ಮೊದಲ ಮೂರು ತಿಂಗಳಲ್ಲಿ ಮಾರಾಟವಾದ ಮೇಲ್ದರ್ಜೆಯ ಮತ್ತು ಮಧ್ಯಮ ದರ್ಜೆಯ ಕಾರ್ಡುಗಳಲ್ಲಿ ಕಾಲು ಭಾಗ, ಅಂದರೆ ಏಳು ಲಕ್ಷದಷ್ಟು, ಮೈನರ್‌ಗಳು ಮತ್ತು ಸಟ್ಟಾ ವ್ಯಾಪಾರಿಗಳ ಪಾಲಾಯಿತು ಅಂತ ಜಾನ್ ಪೆಡ್ಡಿ ರಿಸರ್ಚ್ ಅನ್ನುವ ಮಾರುಕಟ್ಟೆ ಅಧ್ಯಯನ ಸಂಸ್ಥೆ ಅಂದಾಜು ಮಾಡಿತ್ತು. ಕಾಲು ಭಾಗವೇ ಅಲ್ವಾ ಅನ್ನಿಸಬಹುದು. ಆದರೆ ಮೊದಲೇ ಸಾಲದಿರುವ ಸರಕಿನಲ್ಲಿ ಎಷ್ಟಾದರೂ ಕೊಡುತ್ತೇನೆ ಅನ್ನುವವರು ಕಾಲು ಭಾಗ ಇದ್ದರೆ ಸಾಕು. ಉಳಿದ ಮುಕ್ಕಾಲು ಭಾಗಕ್ಕೂ ಬೆಲೆ ಕಟ್ಟುವವರು ಅವರೇ ಆಗುತ್ತಾರೆ.

ಎನ್ವಿಡಿಯಾ ಏನೂ ಮಾಡಲಿಲ್ಲ ಅಂತಲ್ಲ. ಮಾಡಿತು, ಸ್ವಲ್ಪ ತಮಾಷೆಯಾಗಿಯೇ ಮಾಡಿತು. ನನಗೆ ಸಿಗದ ಆ 3060 ಕಾರ್ಡಿಗೆ ಒಂದು ಬೀಗ ಹಾಕಿತ್ತು. ಇಥೀರಿಯಂ ಮೈನಿಂಗ್ ನಡೆಯುತ್ತಿದೆ ಅಂತ ಗೊತ್ತಾದ ಕೂಡಲೇ ವೇಗ ಅರ್ಧಕ್ಕೆ ಇಳಿಯಬೇಕು. ಈ ಬೀಗ ಮುರಿಯುವುದು ಸುಲಭವಲ್ಲ ಅಂತ ಕಂಪನಿ ಹೇಳಿಕೊಂಡಿತ್ತು. ಮುರಿಯಬೇಕಾಗಿಯೂ ಬರಲಿಲ್ಲ. ಮಾರ್ಚ್‌ನಲ್ಲಿ ಕಂಪನಿಯೇ ಹೊರಬಿಟ್ಟ 470.05 ಅನ್ನುವ ಪರೀಕ್ಷಾ ಡ್ರೈವರ್‌ನಲ್ಲಿ (ಕಾರ್ಡನ್ನು ನಡೆಸುವ ತಂತ್ರಾಂಶದಲ್ಲಿ) ಬೀಗ ತೆಗೆದ ಕೋಡ್ ಕಣ್ತಪ್ಪಿನಿಂದ ಸೇರಿಹೋಗಿತ್ತು. ವಾಪಸ್ ತೆಗೆದುಕೊಳ್ಳುವಷ್ಟರಲ್ಲಿ ಅದು ಜಗತ್ತಿಡೀ ಹರಡಿತ್ತು. ಒಂದು ತಾಪತ್ರಯ ಅಂದರೆ ಕಾರ್ಡಿಗೆ ಮಾನಿಟರ್ ಸಿಕ್ಕಿಸಿರಬೇಕಿತ್ತು. ಅದಕ್ಕೂ ಜನ ಮಾನಿಟರ್ ಇದೆ ಅಂತ ನಂಬಿಸುವ ಬೆರಳುದ್ದದ ಡಮ್ಮಿ ಎಚ್‌ಡಿಎಂಐ ಪ್ಲಗ್ ಹಾಕಿ ಕೆಲಸ ಸಾಗಿಸಿದರು. ಮೇನಿಂದ ಬಂದ ಹೊಸ 3080, 3070, 3060 ಟಿಐ ಕಾರ್ಡುಗಳಿಗೆ ಇನ್ನೂ ಗಟ್ಟಿ ಬೀಗ ಬಂತು. ಒಂದು ವರ್ಷದಲ್ಲಿ, 2022ರ ಮೇ ಹೊತ್ತಿಗೆ, ಮೈನಿಂಗ್ ತಂತ್ರಾಂಶ ಬರೆಯುವವರು ಅದನ್ನೂ ಪೂರ್ತಿ ಬಿಚ್ಚಿದರು.

ಎನ್ವಿಡಿಯಾದ ಇನ್ನೊಂದು ಉಪಾಯ ನನಗೆ ಇನ್ನೂ ಕುತೂಹಲದ್ದು ಅನ್ನಿಸುತ್ತದೆ. ಮೈನಿಂಗ್‌ಗೆ ಅಂತಲೇ ಸಿಎಂಪಿ ಅನ್ನುವ ಕಾರ್ಡುಗಳನ್ನು ತಂದಿತು. ಇವುಗಳಿಗೆ ಮಾನಿಟರ್ ಸಿಕ್ಕಿಸುವ ಕಿಂಡಿಯೇ ಇಲ್ಲ. ಗೇಮರ್‌ಗಳ ಕಾರ್ಡು ಗೇಮರ್‌ಗಳಿಗೆ, ಮೈನರ್‌ಗಳಿಗೆ ಅವರದೇ ಕಾರ್ಡು ಅನ್ನುವ ಮಾತು. ಕೇಳಲು ಚೆನ್ನಾಗಿದೆ. 2021ರ ಮೇ, ಜೂನ್, ಜುಲೈನಲ್ಲಿ 26.6 ಕೋಟಿ ಡಾಲರ್‌ನಷ್ಟು ಮಾರಿದ್ದ ಈ ಸರಕು, 2022ರ ಜನವರಿಗೆ ಮುಗಿದ ಮೂರು ತಿಂಗಳಲ್ಲಿ 2.4 ಕೋಟಿ ಡಾಲರ್‌ಗೆ ಇಳಿಯಿತು.

ಯಾಕೆ ಸೊರಗಿತು? ನನ್ನ ಪ್ರಕಾರ ಗ್ರಾಫಿಕ್ಸ್ ಕಾರ್ಡ್ ಮೈನಿಂಗ್‌ನ ಗುಟ್ಟೇ ಇಲ್ಲಿದೆ. ಮೈನರ್ ಕಾರ್ಡು ಕೊಳ್ಳುವಾಗ ಎರಡು ಆದಾಯ ಲೆಕ್ಕ ಹಾಕುತ್ತಾನೆ. ದಿನದಿನದ ನಾಣ್ಯ ಒಂದು, ಕೊನೆಯಲ್ಲಿ ಕಾರ್ಡು ಮಾರಿದಾಗ ಬರುವ ದುಡ್ಡು ಇನ್ನೊಂದು. ನಾಣ್ಯದ ಬೆಲೆ ಬಿದ್ದರೂ ಕಾರ್ಡನ್ನು ಕೊಳ್ಳಲು ಒಬ್ಬ ಗೇಮರ್ ಇದ್ದೇ ಇರುತ್ತಾನೆ. ಕರೆಯುವುದು ನಿಲ್ಲಿಸಿದ ಎಮ್ಮೆಗೂ ಗಿರಾಕಿ ಇರುವ ಸಂತೆ ಇದು. ಏಸಿಕ್‌ಗೆ ಆ ಗಿರಾಕಿ ಇಲ್ಲ, ನಾಣ್ಯ ಬಿದ್ದರೆ ಅದು ಗುಜರಿ. ಸಿಎಂಪಿಯೂ ಹಾಗೆಯೇ. ಆದ್ದರಿಂದ ಗೇಮಿಂಗ್ ಕಾರ್ಡಿನ ಮೇಲೆ ದುಡ್ಡು ಹಾಕಲು ಮೈನರ್‌ಗೆ ಭಯ ಕಡಿಮೆ, ಹಾಗಾಗಿ ಜಾಸ್ತಿ ಹಾಕುತ್ತಾನೆ. ಗೇಮರ್‌ಗಳು ಬೈದುಕೊಳ್ಳುತ್ತಿದ್ದ ಆಟದಲ್ಲಿ ಗೇಮರ್‌ಗಳೇ ಜಾಮೀನುದಾರರಾಗಿದ್ದರು. ಎನ್ವಿಡಿಯಾಗೂ ಸಿಎಂಪಿಯಲ್ಲಿ ಒಂದು ಸ್ವಾರ್ಥವಿತ್ತು ಅಂತ ನನ್ನ ಅನುಮಾನ. ಕಿಂಡಿಯಿಲ್ಲದ ಕಾರ್ಡು ಮುಂದೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದು ಹೊಸ ಕಾರ್ಡಿನ ವ್ಯಾಪಾರ ಕೆಡಿಸುವುದಿಲ್ಲವಲ್ಲ.

ಆ ಎಂಟು ಕಾರ್ಡು ಒಯ್ದವರನ್ನು ನಾನು ನೋಡಲಿಲ್ಲ, ಆದರೆ ಅಂಥವರು ಜೋಡಿಸಿಕೊಳ್ಳುವ ಮೈನಿಂಗ್ ಯಂತ್ರ, ಅಂದರೆ ರಿಗ್, ಒಂದನ್ನು ನೋಡಿದ್ದೇನೆ. ಪರಿಚಯದವರ ಮನೆ ಮಹಡಿಯ ಮೇಲಿನ ಕೋಣೆ. ಅಲ್ಯೂಮಿನಿಯಂ ಪಟ್ಟಿಗಳ ಚೌಕಟ್ಟು, ಅದರಲ್ಲಿ ಬಟ್ಟೆ ಒಣಹಾಕಿದ ಹಾಗೆ ಸಾಲಾಗಿ ಆರು ಕಾರ್ಡು. ಪ್ರತಿ ಕಾರ್ಡಿಗೂ ರೈಸರ್ ಅನ್ನುವ ಪುಟ್ಟ ಹಲಗೆ, ಅಲ್ಲಿಂದ ಮದರ್‌ಬೋರ್ಡಿಗೆ ನೀಲಿ ಯುಎಸ್‌ಬಿ ವಯರು. ಪ್ರೊಸೆಸರ್ ಅಗ್ಗದ ಸೆಲೆರಾನ್. ಎಲ್ಲ ದುಡಿಮೆ ಕಾರ್ಡುಗಳದ್ದೇ ಆದ್ದರಿಂದ ಅದಕ್ಕೇನೂ ಕೆಲಸವಿಲ್ಲ. ಎದುರಿಗೆ ಒಂದು ದೊಡ್ಡ ಫ್ಯಾನ್, ಹಿಂದಿನ ಕಿಟಕಿ ಹಗಲಿರುಳು ತೆರೆದೇ ಇರಬೇಕು. ಏಪ್ರಿಲ್ ತಿಂಗಳು, ಒಳಗೆ ಕಾಲಿಟ್ಟರೆ ಬೇಕರಿಯ ಒಲೆ ಮುಂದೆ ನಿಂತ ಹಾಗೆ. "ಬಟ್ಟೆ ಮಾತ್ರ ಬೇಗ ಒಣಗ್ತವೆ ನೋಡಿ," ಅಂದರು ಆ ಮನೆಯ ಅಮ್ಮ.

ಭಾರತದಲ್ಲಿ ಇದು ಬಹುಪಾಲು ಇಂಥ ಮಹಡಿ ಕೋಣೆಗಳ ಕಸುಬಾಗಿಯೇ ಉಳಿಯಿತು. ಅಗ್ಗದ ಕರೆಂಟು ಹುಡುಕಿ ಗೋದಾಮು ತುಂಬಿಸುವ ಆಟ ದೊಡ್ಡದಾಗಿ ನಡೆದದ್ದು ಚೀನಾದಲ್ಲಿ. 2021ರ ಮೇ, ಜೂನ್‌ನಲ್ಲಿ ಅಲ್ಲಿನ ಸರ್ಕಾರ ಮೈನಿಂಗ್ ಮೇಲೆ ಮುಗಿಬಿದ್ದಾಗ ಕಾರ್ಡಿನ ಬೆಲೆಯೂ ಕೆಲವು ವಾರ ಇಳಿದು ಮತ್ತೆ ಏರಿತು. ಇಲ್ಲಿ 2022ರ ಬಜೆಟ್ ಕ್ರಿಪ್ಟೋ ಲಾಭಕ್ಕೆ ಶೇ 30 ತೆರಿಗೆ ಹಾಕಿತು. ಮೈನಿಂಗ್ ಯಂತ್ರಗಳಿಗೆ ಸುರಿದ ದುಡ್ಡನ್ನು ಆ ಲಾಭದಿಂದ ಕಳೆಯುವಂತಿಲ್ಲ ಅಂತಲೂ ಸರ್ಕಾರ ಸಂಸತ್ತಿನಲ್ಲಿ ಸ್ಪಷ್ಟಪಡಿಸಿತು.

ಕೊನೆಗೆ ಬೀಗ ಹಾಕಿದ್ದು ಇಥೀರಿಯಂ ತಾನೇ. 2022ರ ಸೆಪ್ಟೆಂಬರ್ 15, ನಮ್ಮ ಸಮಯ ಮಧ್ಯಾಹ್ನ 12 ಗಂಟೆ 12 ನಿಮಿಷಕ್ಕೆ ಅದು ಲಾಟರಿ ಪದ್ಧತಿ ಬಿಟ್ಟಿತು. ಅಲ್ಲಿಂದ ಮುಂದೆ ಪುಟ ಬರೆಯುವ ಹಕ್ಕು ನಾಣ್ಯವನ್ನು ಠೇವಣಿ ಇಟ್ಟವರಿಗೆ, ಯಂತ್ರ ಓಡಿಸುವವರಿಗಲ್ಲ. ಅದರ ವಿದ್ಯುತ್ ಬಳಕೆ ಶೇ 99ಕ್ಕೂ ಹೆಚ್ಚು ಇಳಿಯಿತು. ಮೈನರ್‌ಗಳು ಇಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್ ಅಂತ ಸಣ್ಣ ನಾಣ್ಯಗಳ ಕಡೆ ಓಡಿದರು. ಪಾತ್ರೆ ಚಿಕ್ಕದು, ಕೈಗಳು ಸಾವಿರ. ಬಂದದ್ದು ಕರೆಂಟ್ ಬಿಲ್ಲಿಗೂ ಸಾಲಲಿಲ್ಲ. ಅದಕ್ಕೆ ಮೊದಲೇ ನಾಣ್ಯದ ಬೆಲೆ ಬಿದ್ದು ಮಾರುಕಟ್ಟೆ ಸೊರಗಿತ್ತು. ಗೇಮಿಂಗ್ ಆದಾಯ ಮೂರೇ ತಿಂಗಳಲ್ಲಿ ಶೇ 44 ಕುಸಿದಿದೆ ಅಂತ ಎನ್ವಿಡಿಯಾ ಆಗಸ್ಟ್‌ನಲ್ಲೇ ಹೇಳಿತ್ತು.

ಆದರೆ ಹೊಸ ಕಾರ್ಡುಗಳ ಬೆಲೆ ಹಳೆಯ ಜಾಗಕ್ಕೆ ಬರಲಿಲ್ಲ. 699 ಡಾಲರ್‌ನ 3080ರ ಜಾಗದಲ್ಲಿ ಬಂದ 4080ಗೆ 1,199 ಡಾಲರ್ ಇಟ್ಟರು. ಚಿಪ್ ಮಾಡುವ ಖರ್ಚು ಏರಿದ್ದು ನಿಜ. ಎರಡು ವರ್ಷ ಜನ ಎರಡು ಪಟ್ಟು ಕೊಟ್ಟು ಕೊಂಡದ್ದನ್ನು, ಆ ಹೆಚ್ಚುವರಿ ದುಡ್ಡು ಮಧ್ಯವರ್ತಿಗಳ ಜೇಬಿಗೆ ಹೋದದ್ದನ್ನು ಕಂಪನಿಗಳು ಕಣ್ಣಾರೆ ನೋಡಿದ್ದವು ಅನ್ನುವುದೂ ಅಷ್ಟೇ ನಿಜ.

ಅಗ್ಗವಾದದ್ದು ಸೆಕೆಂಡ್ ಹ್ಯಾಂಡ್. ಆ ನವೆಂಬರ್‌ನಲ್ಲಿ ನಾನೂ ಒಂದು 3060 ಟಿಐ ಕೊಂಡೆ. "ಮೈನಿಂಗ್‌ನಲ್ಲಿ ಓಡಿದ್ದೇ ಸಾರ್, ಸುಳ್ಳು ಹೇಳಲ್ಲ," ಅಂದ ಹುಡುಗ. ಮೈನಿಂಗ್ ಕಾರ್ಡು ಅಂದರೆ ಹಿಂಡಿ ಹಿಪ್ಪೆಯಾದದ್ದು ಅಂತ ಜನ ಹೆದರುತ್ತಾರೆ, ಆದರೆ ಚಿಪ್‌ಗೆ ಅಷ್ಟೇನೂ ಆಗಿರುವುದಿಲ್ಲ. ಕಡಿಮೆ ವ್ಯಾಟ್‌ನಲ್ಲಿ ಒಂದೇ ಹದದ ಬಿಸಿಯಲ್ಲಿ ಓಡಿರುತ್ತದೆ. ಸವೆಯುವುದು ಫ್ಯಾನು, ಬೇಯುವುದು ಮೆಮೊರಿ. ಹಳೆಯ ಆರ್‌ಎಕ್ಸ್ 580ರಂಥ ಕಾರ್ಡುಗಳಾದರೆ ಬಯಾಸ್, ಅಂದರೆ ಕಾರ್ಡಿನೊಳಗಿನ ಮೂಲ ತಂತ್ರಾಂಶ, ಕೂಡ ನೋಡಬೇಕು. ಮೈನಿಂಗ್‌ಗೆ ಅಂತ ಬದಲಾಯಿಸಿದ್ದನ್ನು ಹಾಗೇ ಬಿಟ್ಟರೆ ಗೇಮ್ ನಡುವೆ ಪರದೆ ಕಪ್ಪಾಗುವುದುಂಟು.

ನನ್ನ ಕಾರ್ಡನ್ನು ಮೇಜಿನ ಮೇಲೆ ಬಿಚ್ಚಿದೆ. ಮೆಮೊರಿ ಮೇಲೆ ಅಂಟಿಸಿದ್ದ ಥರ್ಮಲ್ ಪ್ಯಾಡ್‌ಗಳು ಎಣ್ಣೆ ಬಿಟ್ಟು, ಮುಟ್ಟಿದರೆ ಹಳೆಯ ರಬ್ಬರಿನಂತೆ ಪುಡಿಪುಡಿ. ಚಿಪ್ ಮೇಲಿನ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಎರಡು ಫ್ಯಾನಿನಲ್ಲಿ ಒಂದು ಗೊರಗೊರ ಅನ್ನುತ್ತಿತ್ತು. ಪ್ಯಾಡು, ಪೇಸ್ಟು, ಒಂದು ಫ್ಯಾನು, ಎಲ್ಲ ಸೇರಿ ಸಾವಿರ ಚಿಲ್ಲರೆ ಖರ್ಚು. ಸರಿಹೋಯಿತು. ಖುಷಿಯಿಂದ ತಂಗಿಯ ಮಗನಿಗೆ ಫೋನ್ ಮಾಡಿದೆ.

"ಅಯ್ಯೋ ಮಾಮ, ನಾನು ಲ್ಯಾಪ್‌ಟಾಪ್ ತಗೊಂಡು ಒಂದು ವರ್ಷ ಆಯ್ತು," ಅಂದ.

ಕಾರ್ಡು ಈಗ ನನ್ನ ಕಂಪ್ಯೂಟರಿನಲ್ಲೇ ಇದೆ.